ಮೂಲೆಯ ಕೆಂಪು ಚುಕ್ಕಿ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಆ ಮಠಕ್ಕೆ ಒಬ್ಬರೇ ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜ. ಆ ಅಜ್ಜನಿಗೆ ಒಂದು ಹುಚ್ಚಿತ್ತು. ಹೊತ್ತು ಮುಳುಗಿತೆಂದರೆ ಪೂಜೆ ಮುಗಿಸಿ, ಮಾಳಿಗೆ ಹತ್ತಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ ಆಕಾಶದ ಫೋಟೋ ತೆಗೆಯುತ್ತಿದ್ದರು.

ಭಕ್ತರು ಮೊದಮೊದಲು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ರೂಢಿಯಾಯಿತು. ಚುಕ್ಕಿ ಅಜ್ಜ ಎಂದು ಹೆಸರೂ ಬಿತ್ತು.

ಕಲಿಯಲು ಬಂದವರಿಗೆ ಅಜ್ಜ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಸ್ವಭಾವವೂ ಅವರದಲ್ಲ. ಏನೋ ಒಂದು ತೋರಿಸಿ, ಏನೋ ಒಂದು ಮಾಡಿ, ಉಳಿದದ್ದನ್ನು ನೀವೇ ತಿಳಿದುಕೊಳ್ಳಿ ಎಂದು ಬಿಟ್ಟುಬಿಡುವರು. ಅದೇ ಗುರುವಿನ ಲಕ್ಷಣ ಎಂದು ಎಲ್ಲರೂ ಹೇಳುತ್ತಿದ್ದರು. ಕೇಳಿ ಕೇಳಿ ಅಜ್ಜನೂ ನಂಬಿದ್ದರು.

ಒಂದು ಸಂಜೆ ಹೊಳೆಯಾಚೆಯ ಪೇಟೆಯಿಂದ ನೀಲವ್ವ ಬಂದಳು.

ಪೇಟೆಯಲ್ಲಿ ಅವಳ ಗಂಡ ಶಿವಪುತ್ರನ ಫೋಟೋ ಸ್ಟುಡಿಯೋ. ಸುತ್ತಲಿನ ಊರುಗಳ ಮದುವೆಗಳನ್ನೆಲ್ಲ ಗಂಡ ಹೆಂಡತಿ ಸೇರಿ ತೆಗೆದವರು. ಹಿಂದಿನ ಬೇಸಿಗೆಯಲ್ಲಿ ಶಿವಪುತ್ರ ಎದೆನೋವೆಂದು ಸ್ಟುಡಿಯೋದ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಈಗ ಅವನ ಕ್ಯಾಮೆರಾ ನೀಲವ್ವನ ಕೊರಳಲ್ಲಿತ್ತು.

"ಅಜ್ಜಾರ, ನಗೋ ಮಂದೀ ಫೋಟೋ ತಗದು ಸಾಕಾಗೈತ್ರಿ. ಸ್ಮೈಲ್ ಪ್ಲೀಸ್ ಅನ್ನೂದು ಇನ್ನ ನನ್ನ ಬಾಯಾಗ ಬರೂದಿಲ್ಲ. ನಗಲಾರದ್ದು ಏನರ ಇದ್ರ ಅದನ್ನ ತಗಿಯೂದು ಕಲಸ್ರಿ."

ಅಜ್ಜ ಮೇಲೆ ಬೆರಳು ತೋರಿಸಿದರು.

"ಇವು ನಗಂಗಿಲ್ಲ. ಆದ್ರ ಕಣ್ಣ ಮಿಟಕಸ್ತಾವ. ನಡೀತೈತೇನು?"

"ಮದುವ್ಯಾಗೂ ಮಿಟಕಸ್ತಾರ್ರಿ," ಅಂದಳು ನೀಲವ್ವ. "ನಡೀತೈತಿ."

ಅವಳು ಬಂದದ್ದು ಅಜ್ಜನಿಗೆ ಇಷ್ಟವಾಯಿತು. ಅಳುವವರು ಮಠಕ್ಕೆ ಬಹಳ ಬರುತ್ತಾರೆ. ಅಳು ನುಂಗಿ ಕೆಲಸ ಕೇಳುವವರು ಕಡಿಮೆ.

ಮೊದಲ ಅಮಾವಾಸ್ಯೆಗೆ ಅವಳು ತೆಗೆದ ಫೋಟೋವನ್ನು ಅಜ್ಜ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ನೋಡಿದರು. ಆಕಾಶ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ದೊಡ್ಡ ದೊಡ್ಡ ನಕ್ಷತ್ರಗಳು ಅಲ್ಲೊಂದು ಇಲ್ಲೊಂದು ಕೂತಿದ್ದವು. ನಡುವೆ ಏನೂ ಇಲ್ಲ.

"ಸಣ್ಣಾವು ಎಲ್ಲಿ ಹೋದ್ವು ತಂಗಿ?"

"ಸಣ್ಣಾವು ಕಾಳ ಕಾಳ ಕಾಣತಿದ್ವು ಅಂತ ಕ್ಯಾಮೆರಾದಾಗನ ಎಲ್ಲಾ ಸೆಟ್ಟಿಂಗ ಚಾಲೂ ಮಾಡಿ ನುಣ್ಣಗ ಮಾಡೇನ್ರಿ. ಮದುಮಗಳ ಮಾರಿಗೂ ನಾವು ಹಿಂಗಽ ಮಾಡ್ತಿದ್ವಿ. ಒಂದು ಮೊಡವಿ ಕಾಣಬಾರದು ನೋಡ್ರಿ."

ಅಜ್ಜನಿಗೆ ನಗು ತಡೆಯಲಾಗಲಿಲ್ಲ. ಆಕಾಶದ ಮುಖಕ್ಕೆ ಮದುಮಗಳ ಮೇಕಪ್ಪು ಮಾಡಿದವರನ್ನು ಅವರು ಅದೇ ಮೊದಲು ಕಂಡದ್ದು.

ಒಳಗೆ ಹೋಗಿ ಒಂದು ಮೊರದಲ್ಲಿ ನವಣೆ ತಂದು ಅವಳ ಮುಂದಿಟ್ಟರು. ದೀಪ ಆರಿಸಿದರು.

"ಇದರಾಗಿನ ಕಸ ತಗದು ಒಗಿ. ಕಾಳ ಬಿಡು."

ನೀಲವ್ವ ಕತ್ತಲಲ್ಲಿ ಸ್ವಲ್ಪ ಹೊತ್ತು ಕೈಯಾಡಿಸಿದಳು.

"ಈ ಕತ್ತಲಾಗ ಕಾಳ ಯಾವುದು ಕಸ ಯಾವುದು ಹೆಂಗ ಗೊತ್ತಾಗಬೇಕ್ರಿ ಅಜ್ಜಾರ?"

"ನಿನ್ನ ಕ್ಯಾಮೆರಾಕ್ಕೂ ಗೊತ್ತಾಗಂಗಿಲ್ಲ. ಎರಡೂ ಕೂಡೇ ಒಗೀತೈತಿ."

ನೀಲವ್ವ ಕ್ಯಾಮೆರಾ ತೆಗೆದುಕೊಂಡು ಗುಂಡಿ ಒತ್ತತೊಡಗಿದಳು. ಕ್ಯಾಮೆರಾ ತಾನಾಗಿ ಮಾಡುವ ಸವರುವುದು, ಒರೆಸುವುದು, ಬಣ್ಣ ಏರಿಸುವುದು, ಒಂದನ್ನೂ ಬಿಡದೆ ಬಂದ್ ಮಾಡಿದಳು. ನವಣೆಯ ಪಾಠ ಚೆನ್ನಾಗಿ ನಾಟಿತೆಂದು ಅಜ್ಜ ಒಳಗೊಳಗೇ ಬೀಗಿದರು. ಬಂದ್ ಮಾಡಬಾರದ್ದೂ ಒಂದಿದೆ ಎಂದು ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ನೆಟ್ಟಗೆ ಹೇಳುವುದು ಅವರ ಪದ್ಧತಿಯಲ್ಲವಲ್ಲ.

ಮುಂದಿನ ಅಮಾವಾಸ್ಯೆಗೆ ನೀಲವ್ವ ಮಾಳಿಗೆಯ ಮೆಟ್ಟಿಲನ್ನು ಓಡುತ್ತಲೇ ಹತ್ತಿದಳು.

"ಅಜ್ಜಾರ, ನಮ್ಮನಿಯವರು ಸಿಕ್ರು!"

ಅಜ್ಜ ಬೆಚ್ಚಿಬಿದ್ದರು. ಅವಳು ಕ್ಯಾಮೆರಾದ ಪರದೆಯನ್ನು ಅವರ ಮುಖಕ್ಕೇ ಹಿಡಿದಳು. ಈಗ ಆಕಾಶ ತುಂಬಾ ಸಣ್ಣ ಸಣ್ಣ ಚುಕ್ಕಿಗಳಿದ್ದವು. ಬಲಗಡೆಯ ಮೇಲಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ.

"ಇದು ಯಾ ನಕ್ಷೆದಾಗೂ ಇಲ್ರಿ. ಎಲ್ಲಾ ಹುಡುಕೇನಿ. ಹೊಸಾದು. ನಾ ಮೊದಲನೇ ದಿನ ಉತ್ತರಕ್ಕ ತಗದಿದ್ದೆ, ಇತ್ತು. ಮರುದಿನ ಮೂಡಲಕ್ಕ ತಿರುಗಿಸಿದೆ, ಅಲ್ಲೂ ಬಂತು. ಪಡುವಲಕ್ಕ ತಿರುಗಿಸಿದೆ, ಅಲ್ಲೂ ಬಂತು. ಎತ್ತ ತಿರುಗಿದ್ರೂ ಅದಽ ಮೂಲ್ಯಾಗ ಬಂದು ನಿಂದರ್ತಾರ್ರಿ."

ಅವಳು ಆ ಚುಕ್ಕಿಯ ಮೇಲೆ ಬೆರಳಿಟ್ಟಳು.

"ಬದುಕಿದ್ದಾಗೂ ಹಿಂಗಽ ಇದ್ರು. ಮನೀ ಮಂದೀ ಫೋಟೋ ತಗಿಯೂ ಮುಂದ, ಟೈಮರ್ ಇಟ್ಟು ಓಡಿ ಬಂದು ಬಲಕ್ಕ ಹಿಂದಿನ ಮೂಲೀಗೆ ನಿಂದರ್ತಿದ್ರು. ಎಲ್ಲಾ ಫೋಟೋದಾಗೂ ಅಲ್ಲೇ ಅದಾರ."

ಅಜ್ಜನಿಗೆ ಕಂಡ ಕೂಡಲೇ ಗೊತ್ತಾಗಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ ಅದೇ ಮೂಲೆಯಲ್ಲಿ ನಿಲ್ಲುವ ಚುಕ್ಕಿ ಆಕಾಶದ್ದಲ್ಲ. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಬಿಲ್ಲೆಯಿರುತ್ತದೆ, ಅದರಲ್ಲಿ ಲೆಕ್ಕವಿಲ್ಲದಷ್ಟು ಕಣಗಳು. ಕ್ಯಾಮೆರಾಕ್ಕೆ ವಯಸ್ಸಾದಂತೆ ಒಂದೊಂದು ಕಣ ಕೆಡುತ್ತದೆ. ಬಹಳ ಹೊತ್ತು ಕಣ್ಣು ತೆರೆದಿಟ್ಟರೆ ಅಂಥ ಕಣ ಬೆಳಕು ಬೀಳದಿದ್ದರೂ ತಾನಾಗಿ ಉರಿಯುತ್ತದೆ. ಅದನ್ನು ಅಳಿಸುವ ಸೆಟ್ಟಿಂಗೊಂದು ಕ್ಯಾಮೆರಾದಲ್ಲೇ ಇತ್ತು. ನವಣೆ ತೋರಿಸಿದ ರಾತ್ರಿ ಅದೂ ಬಂದ್ ಆಗಿತ್ತು.

ಅಜ್ಜ ಹೇಳಲು ಬಾಯಿ ತೆರೆದರು.

"ಅತ್ತೀಗೂ ತೋರ್ಸೇನ್ರಿ," ಅಂದಳು ನೀಲವ್ವ. "ಮಗ ಹೋದಾಗಿಂದ ದುಂಡವ್ವತ್ತಿ ಅರ್ಧಾ ರೊಟ್ಟಿ ಮ್ಯಾಲ ಉಂಡಾಕಿ ಅಲ್ಲ. ಈಗ ಸಂಜೀಕ ತಾನಽ ರೊಟ್ಟಿ ಬಡೀತಾಳ. ಇಬ್ರೂ ಉಂಡು ಮಾಳಗಿ ಹತ್ತತೀವಿ. ನಾ ಫೋಟೋ ತಗದು ತೋರಸ್ತೀನಿ. ಬಂದ ಏನವಾ ನನ್ನ ಮಗಾ, ಅಂತ ಪರದೀಗೆ ಕೈ ಮುಗೀತಾಳ."

ಅಜ್ಜ ಬಾಯಿ ಮುಚ್ಚಿದರು.

"ಬರೂ ತಿಂಗಳ ಅವರ ವರ್ಷದ ಪುಣ್ಯಸ್ಮರಣಿ. ಈ ಫೋಟೋನಽ ದೊಡ್ಡದು ಮಾಡ್ಸಿ ಕಟ್ಟ ಹಾಕ್ಸಿ ಇಡೂಣು ಅಂತ ಅದೀವಿ. ನೀವು ನಿಮ್ಮ ಕೈಲೆ ಹಾರ ಹಾಕಬೇಕ್ರಿ ಅಜ್ಜಾರ."

"ಹೂಂ," ಅಂದರು ಅಜ್ಜ.

ಆ ಹೂಂ ಅವರ ಗಂಟಲಲ್ಲೇ ಉಳಿಯಿತು. ಆಮೇಲಿನ ದಿನಗಳಲ್ಲಿ ಪ್ರಸಾದದ ಮುಂದೆ ಕೂತರೂ ಅದೇ ಅಡ್ಡ ಬರುತ್ತಿತ್ತು. ಸುಳ್ಳಿಗೆ ತಾನು ಹಾರ ಹಾಕುವುದು ಹೇಗೆ? ನಿಜ ಹೇಳಿದರೆ ಆ ಮುದುಕಿಯ ರೊಟ್ಟಿ ಮತ್ತೆ ಅರ್ಧಕ್ಕೆ ಬರುತ್ತದೆ. ನೀಲವ್ವ ಮತ್ತೆ ಸ್ಟುಡಿಯೋದ ಆ ಕುರ್ಚಿಯ ಎದುರು ಕೂರುತ್ತಾಳೆ. ಊರಿಗೆಲ್ಲ ಬುದ್ಧಿ ಹೇಳುವ ಅಜ್ಜನಿಗೆ ಇಬ್ಬರು ಹೆಂಗಸರ ಮುಂದೆ ನಾಲಿಗೆ ಏಳಲಿಲ್ಲ.

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ತಾನು ಹೇಳುವುದು ಬೇಡ. ಕ್ಯಾಮೆರಾನೇ ಹೇಳಲಿ.

ಪುಣ್ಯಸ್ಮರಣೆ ಹತ್ತಿರ ಬಂದಾಗ ನೀಲವ್ವ ಮತ್ತೆ ಬಂದಳು. ಪೇಟೆಯ ಮಾಳಿಗೆಗೆ ಬೀದಿದೀಪದ ಬೆಳಕು ಹೊಡೆಯುತ್ತದೆ, ಕಟ್ಟು ಹಾಕಿಸುವ ಫೋಟೋ ಮಠದ ಮಾಳಿಗೆಯಿಂದಲೇ ತೆಗೆಯಬೇಕೆಂದು ಅವಳ ಆಸೆ.

"ತಂಗಿ, ಒಂದು ಸೆಟ್ಟಿಂಗ್ ಹೇಳೂದು ಮರತಿದ್ದೆ. ಅದನ್ನ ಚಾಲೂ ಇಡಬೇಕು."

"ಎಲ್ಲಾ ಬಂದ್ ಮಾಡು ಅಂದಿದ್ರಲ್ರಿ?"

"ಹಂಗ ಅಂದಿದ್ದಿಲ್ಲ."

"ನವಣಿ ತೋರ್ಸಿದ್ರಿ."

"ಹೌದು," ಅಂದರು ಅಜ್ಜ. "ನವಣಿ ತೋರ್ಸಿದ್ದೆ."

ಅವರು ಕ್ಯಾಮೆರಾ ತೆಗೆದುಕೊಂಡು ಆ ಸೆಟ್ಟಿಂಗ್ ಹುಡುಕಿ ಚಾಲೂ ಮಾಡಿದರು.

"ಫೋಟೋ ತಗದ ಮ್ಯಾಲ ಕ್ಯಾಮೆರಾ ಅಷ್ಟಽ ಹೊತ್ತು ಸುಮ್ಮ ಕುಂದರತೈತಿ. ಗಾಬರಿ ಆಗಬ್ಯಾಡ."

"ಸುಮ್ಮ ಕುಂತು ಏನ ಮಾಡತೈತ್ರಿ?"

"ನೋಡು, ತಿಳೀತೈತಿ," ಎಂದು ಹೇಳಿ ಅಜ್ಜ ಏನೋ ಕೆಲಸದ ನೆಪ ಮಾಡಿ ಕೆಳಗಿಳಿದರು. ಗುರುಗಳು ಓಡಿಹೋಗುವಾಗಲೂ ಗಂಭೀರವಾಗಿಯೇ ಹೋಗುತ್ತಾರೆ.

ಕೆಳಗೆ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ಕೂತರು. ಮೇಲೆ ಏನು ನಡೆಯುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಕ್ಯಾಮೆರಾ ಮೊದಲು ಆಕಾಶ ನೋಡುತ್ತದೆ. ಆಮೇಲೆ ಅಷ್ಟೇ ಹೊತ್ತು ಕಣ್ಣು ಮುಚ್ಚಿಕೊಂಡು ಒಂದು ಕಪ್ಪು ಫೋಟೋ ತೆಗೆಯುತ್ತದೆ. ಕಣ್ಣು ಮುಚ್ಚಿದಾಗಲೂ ಏನಾದರೂ ಕಂಡರೆ ಅದು ತನ್ನದೇ ದೋಷವೆಂದು ತಿಳಿದು, ಮೊದಲಿನ ಫೋಟೋದಿಂದ ಅದನ್ನು ಕಳೆಯುತ್ತದೆ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಕ್ಯಾಮೆರಾ ಇತ್ತು.

"ಅಜ್ಜಾರ, ಅವರು ಹೋದ್ರು."

ಅಜ್ಜ ಎದ್ದು ನಿಂತರು.

"ಎತ್ತ ತಿರುಗಿಸಿದ್ರೂ ಇಲ್ರಿ. ಉತ್ತರಕ್ಕೂ ಇಲ್ಲ, ಮೂಡಲಕ್ಕೂ ಇಲ್ಲ. ಮೂಲಿ ಖಾಲಿ ಐತಿ. ಮೊದಲನೇ ಸಲ ಹೋಗೂ ಮುಂದ ನಾ ಒಳಗ ಪ್ರಿಂಟ್ ತಗಿಯಾಕತ್ತಿದ್ದೆ, ನನಗ ಗೊತ್ತಽ ಆಗಲಿಲ್ಲ. ಈ ಸಲ ನಾನಽ ಕೈಯಾರೆ ಗುಂಡಿ ಒತ್ತಿ ಕಳಿಸಿದೆ."

ಅವಳು ಅಲ್ಲೇ ಹೊಸ್ತಿಲ ಬಳಿ ಕುಸಿದು ಕೂತು ಅತ್ತಳು. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು.

ಅಜ್ಜನಿಗೆ ತನ್ನ ಜಾಣತನದ ಮೇಲೆ ಹೇಸಿಗೆ ಬಂತು. ಅವರು ಅವಳ ಎದುರಿಗೆ ಬಂದು ನೆಲದ ಮೇಲೇ ಕೂತರು.

"ನೀಲವ್ವ, ತಪ್ಪು ನಂದು. ನಾ ಬಾಯಿಲೆ ಹೇಳೂದನ್ನ ಕ್ಯಾಮೆರಾದ ಕಡಿಂದ ಹೇಳಿಸಿದೆ. ಹೇಳಾಕ ಅಂಜಿದೆ."

ಅವಳು ತಲೆ ಎತ್ತಿದಳು.

"ಏನ ಹೇಳೂದಿತ್ರಿ?"

"ಬಾ, ಮ್ಯಾಲ ಹೋಗೂಣು. ಈ ಸಲ ನಾನೂ ಕುಂದರ್ತೀನಿ."

ಮಾಳಿಗೆಯ ಮೇಲೆ ಅಜ್ಜ ಆ ಸೆಟ್ಟಿಂಗನ್ನು ಮತ್ತೆ ಬಂದ್ ಮಾಡಿದರು.

"ಲೆನ್ಸಿನ ಮುಚ್ಚಳಾ ಎಲ್ಲೈತಿ?"

"ಚೀಲದಾಗ ಐತ್ರಿ. ಯಾಕ್ರಿ?"

"ಹಾಕು."

"ಮುಚ್ಚಳಾ ಹಾಕಿ ಯಾರರ ಫೋಟೋ ತಗೀತಾರೇನ್ರಿ?"

ಆದರೂ ಹಾಕಿದಳು. ಅಜ್ಜ ತಮ್ಮ ಕಾವಿಯ ಶಲ್ಯ ತೆಗೆದು, ಎಲ್ಲಿಂದಲೂ ಬೆಳಕು ನುಸುಳದ ಹಾಗೆ ಕ್ಯಾಮೆರಾಕ್ಕೆ ಹೊದಿಸಿದರು. ಮಗುವಿಗೆ ಹೊದಿಸಿದಷ್ಟು ಹಗುರವಾಗಿ ಹೊದಿಸಿದರು. ಆಮೇಲೆ ನೀಲವ್ವ ಗುಂಡಿ ಒತ್ತಿದಳು. ಇಬ್ಬರೂ ಪಕ್ಕಪಕ್ಕ ಕೂತರು. ಕೆಳಗೆ ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು.

ಕ್ಯಾಮೆರಾ ಟಿಕ್ ಎಂದಿತು. ನೀಲವ್ವ ಶಲ್ಯ ಸರಿಸಿ ಪರದೆ ನೋಡಿದಳು.

ಫೋಟೋ ಪೂರಾ ಕಪ್ಪಗಿತ್ತು. ಬಲಗಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಆ ಕೆಂಪು ಚುಕ್ಕಿ ಇತ್ತು.

ಅವಳು ಬಹಳ ಹೊತ್ತು ನೋಡಿದಳು. ಕ್ಯಾಮೆರಾದಲ್ಲೇ ಬದುಕು ಕಳೆದವಳು. ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮ್ಯಾಲಿಲ್ಲ," ಅಂದಳು.

"ಇಲ್ಲ."

"ಇದರಾಗ ಐತಿ."

"ಹೌದು."

"ಕೆಟ್ಟೈತಿ."

"ದಣದೈತಿ ತಂಗಿ," ಅಂದರು ಅಜ್ಜ. "ಅಂವನ ಕೊಳ್ಳಾಗ ಬಿದ್ದು ಎಷ್ಟು ಬ್ಯಾಸಗಿ ಬಿಸಲ ಕುಡದೈತೋ, ಎಷ್ಟು ಹಂದರದ ಲೈಟ ನೋಡೈತೋ. ಅಂವನ ಕೂಡ ದುಡಿದು ದುಡಿದು ಅಷ್ಟು ದಣದೈತಿ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮಗ ಮೊದಲನೇ ದಿನಾನಽ ಗೊತ್ತಿತ್ತಲ್ರಿ?"

"ಗೊತ್ತಿತ್ತು."

"ಹೇಳಬೇಕಿತ್ತಿಲ್ಲೋ?"

"ಹೇಳಬೇಕಿತ್ತು. ನಿಮ್ಮತ್ತಿ ರೊಟ್ಟಿ ಉಣ್ಣಾಕತ್ಯಾಳ ಅಂದಿ. ಬಾಯಿ ಕಟ್ಟಿತು."

ನೀಲವ್ವನಿಗೆ ಬಂದ ಸಿಟ್ಟು ಆ ಮಾತಿಗೆ ಇಳಿಯಿತು. ಯಾಕೆಂದರೆ ಅವಳ ಭಯವೂ ಅದೇ.

"ಈಗ ಆಕೀಗೆ ಏನ ಹೇಳ್ಲಿ ಅಜ್ಜಾರ?"

"ಖರೇ ಹೇಳೂಣು. ನಾನೂ ಬರ್ತೀನಿ. ನಿನ್ನ ಮಗ್ಗಲಕ್ಕ ಕುಂದರ್ತೀನಿ. ನವಣಿ ಗಿವಣಿ ಏನೂ ತರಂಗಿಲ್ಲ."

ಅಳುವಿನ ನಡುವೆಯೇ ನೀಲವ್ವನಿಗೆ ನಗು ಬಂತು. ಅದನ್ನು ಕಂಡು ಅಜ್ಜನಿಗೆ ಉಸಿರು ಬಂದಂತಾಯಿತು.

ಮರುದಿನ ಬೆಳಿಗ್ಗೆಯೇ ಅಜ್ಜ ಹೊಳೆ ದಾಟಿ ನೀಲವ್ವನ ಮನೆಗೆ ಹೋದರು. ದುಂಡವ್ವ ಪಾದಕ್ಕೆ ನೀರು ಕೊಟ್ಟಳು. ನೀಲವ್ವ ಅತ್ತೆಯ ಎದುರು ಕೂತು, ಮುಚ್ಚಳ ಹಾಕಿ ತೆಗೆದ ಫೋಟೋ ತೋರಿಸಿದಳು. ಚುಕ್ಕಿ ಆಕಾಶದ್ದಲ್ಲ, ಕ್ಯಾಮೆರಾದ ಒಳಗಿನದು ಎಂದು ಹೇಳಿದಳು. ಹೇಳುವಾಗ ಎರಡು ಸಲ ತಡವರಿಸಿದಳು. ಅಜ್ಜ ಪಕ್ಕದಲ್ಲಿ ಕೂತು, ತಡವರಿಸಿದಾಗಲೆಲ್ಲ ತಲೆಯಾಡಿಸಿದರು.

ದುಂಡವ್ವ ಎಲ್ಲ ಕೇಳಿದಳು.

"ಅಂದ್ರ ಅಂವ ಮ್ಯಾಲ ಹೋಗಿಲ್ಲ?"

"ಇಲ್ಲತ್ತಿ. ಅದು ಬರೇ ಕ್ಯಾಮೆರಾದ ದೋಷ."

"ಅಂವನ ಕ್ಯಾಮೆರಾದ್ದು."

"ಹೌದು. ಅವರ ಕ್ಯಾಮೆರಾದ್ದಽ."

ಮುದುಕಿ ಕ್ಯಾಮೆರಾವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಚಲೋ ಆತು ಬಿಡವಾ," ಅಂದಳು ದುಂಡವ್ವ. "ನಿನಗ ಹೇಳಿದ್ದಿಲ್ಲ ನಾನು. ರೊಟ್ಟಿ ಉಂಡು ಮಲಗಿದ್ರೂ ನಿದ್ದಿ ಹತ್ತತಿದ್ದಿಲ್ಲ. ಅಷ್ಟು ದೂರ ಒಬ್ಬಾಂವಽ ಹೆಂಗ ಇರ್ತಾನ ಅಂತ ಚಿಂತಿ. ಥಂಡೀ ಬ್ಯಾರೆ ಇರತೈತಿ ಅಲ್ಲಿ."

ಅವಳು ಕ್ಯಾಮೆರಾದ ಬೆನ್ನು ಸವರಿದಳು.

"ಮನ್ಯಾಗ ಇದ್ದದ್ದು ಮನ್ಯಾಗಽ ಐತಿ. ನಡಿ, ಅಜ್ಜಾರಿಗೆ ಉಣ್ಣಾಕ ಮಾಡೂಣು."

ಆ ದಿನ ಅಜ್ಜನಿಗೆ ಕಣ್ಣು ತುಂಬಿ ಬಂತು. ಊಟಕ್ಕೆ ಕೂತಾಗ ಖಾರ ಜಾಸ್ತಿಯಾಯಿತೆಂದು ನೆಪ ಹೇಳಿದರು. ದುಂಡವ್ವ ಅದನ್ನು ನಂಬಿ ತುಪ್ಪ ಹಾಕಿದಳು. ತಾನೂ ಅವರ ಎದುರಿಗೇ ಕೂತು ಪೂರಾ ರೊಟ್ಟಿ ಉಂಡಳು.

ಪುಣ್ಯಸ್ಮರಣೆಗೆ ನೀಲವ್ವ ಕಟ್ಟು ಹಾಕಿಸಿದ್ದು ಆ ಕಪ್ಪು ಫೋಟೋವನ್ನೇ. ಬಂದ ನೆಂಟರು ಹತ್ತಿರ ಹೋಗಿ ನೋಡಿದರು, ದೂರ ನಿಂತು ನೋಡಿದರು. ಸ್ಟುಡಿಯೋದವರ ಮನೆಯಲ್ಲೇ ಫೋಟೋ ಸರಿಯಾಗಿ ಬಂದಿಲ್ಲವಲ್ಲ ಎಂದು ಒಬ್ಬರು ಗೊಣಗಿದರು. ನೀಲವ್ವ ಯಾರಿಗೂ ವಿವರಿಸಲು ಹೋಗಲಿಲ್ಲ. ಅಜ್ಜ ಮುಂದೆ ಬಂದು, ಮೂಲೆಯ ಚುಕ್ಕಿ ಮರೆಯಾಗದಂತೆ ಓರೆ ಮಾಡಿ, ಹಾರ ಹಾಕಿದರು. ಈ ಸಲ ಅವರ ಗಂಟಲಲ್ಲಿ ಏನೂ ಅಡ್ಡ ಬರಲಿಲ್ಲ.

ಎಲ್ಲರೂ ಉಂಡು ಹೋದ ಮೇಲೆ ಅಜ್ಜ ಹೊರಟರು. ನೀಲವ್ವ ಮನೆ ಮುಂದಿನ ಕಟ್ಟೆಯವರೆಗೆ ಕಳಿಸಲು ಬಂದಳು. ಕ್ಯಾಮೆರಾ ಅವಳ ಕೊರಳಲ್ಲಿತ್ತು. ಬರುವ ವಾರ ಒಂದು ಮದುವೆ ಒಪ್ಪಿಕೊಂಡಿದ್ದೇನೆಂದು, ಅದಾದ ಮೇಲೆ ಅಮಾವಾಸ್ಯೆಗೆ ಮಠಕ್ಕೆ ಬರುತ್ತೇನೆಂದು ಹೇಳಿದಳು. ಆಮೇಲೂ ಹೋಗದೆ ನಿಂತಳು.

"ಅಜ್ಜಾರ, ಒಂದು ಕೇಳೂದೈತ್ರಿ."

"ಕೇಳು."

"ಆ ಸೆಟ್ಟಿಂಗ್ ಚಾಲೂ ಇಡ್ಲೋ, ಬಂದ್ ಇಡ್ಲೋ? ಚಾಲೂ ಮಾಡಿದ್ರ ಅವರು ಹೋಗ್ತಾರ. ಬಂದ್ ಮಾಡಿದ್ರ ಆಕಾಶದಾಗ ಇಲ್ಲದ್ದು ಬರತೈತಿ. ಈ ಸಲ ನೆಟ್ಟಗ ಹೇಳ್ರಿ."

ಅಜ್ಜ ಅವಳ ತಲೆಯ ಮೇಲೆ ಕೈ ಇಟ್ಟರು.

"ಆಕಾಶ ನೋಡಬೇಕಂದಾಗ ಚಾಲೂ ಮಾಡು ತಂಗಿ. ಅಂವನ್ನ ನೋಡಬೇಕನಿಸಿದಾಗ ಬಂದ್ ಮಾಡು, ಮುಚ್ಚಳಾ ಹಾಕು, ಫೋಟೋ ಬರೂತನಕ ಅಂವನ ಮಗ್ಗಲಕ್ಕ ಸುಮ್ಮ ಕುಂದರು."